ಪರಕಾರಪ್ರವೇಶ ಮೀಮಾಂಸೆ

ಇರುವ ಕಾರನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಬೇರೊಬ್ಬರು ಓಡಿಸಿ ಬಿಟ್ಟ ಐಷಾರಾಮಿ ಸ್ಪೋರ್ಟ್ಸ್ ಕಾರಿನೊಳಗೆ ಸೇರಿಕೊಳ್ಳುವ ಕ್ರಿಯೆಗೆ ಈ ಪ್ರಬಂಧದಲ್ಲಿ ‘ಪರಕಾರಪ್ರವೇಶ’ ಎಂಬ ಪಾರಿಭಾಷಿಕ ಹೆಸರನ್ನು ಕೊಟ್ಟಿದೆ. ಪರಕಾಯಪ್ರವೇಶದ ಬಗ್ಗೆ ನಮ್ಮಲ್ಲಿ ಸಾಹಿತ್ಯ ಬೇಕಾದಷ್ಟಿದೆ. ಪರಕಾರಪ್ರವೇಶದ ಬಗ್ಗೆ ಬ್ರೋಕರುಗಳ ಬಾಯಿಮಾತನ್ನು ಬಿಟ್ಟರೆ ಶಾಸ್ತ್ರವೇ ಇಲ್ಲ. ಎರಡಕ್ಕೂ ಇರುವ ಭೇದವನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆ ಮಾಧವೀಯ ಶಂಕರವಿಜಯದಲ್ಲಿ ಬರುತ್ತದೆ. ಆಗ ಅವರು ತಮ್ಮ ದೇಹವನ್ನು ಗುಹೆಯಲ್ಲಿರಿಸಿ, ಶಿಷ್ಯರನ್ನು ಕಾವಲಿಗೆ ಹಾಕಿದ್ದರು. ಡೀಲರಿಗೆ ಕೊಟ್ಟಿರಲಿಲ್ಲ.

ಶಾಸ್ತ್ರ ಯಾವುದೇ ಇರಲಿ, ಅದಕ್ಕೆ ಅಧಿಕಾರಿ ಯಾರೆಂದು ಹೇಳದೆ ಮುಂದೆ ಹೋಗುವಂತಿಲ್ಲ. ಉದಾಹರಣೆ ಬೇಕಾದಾಗಲೆಲ್ಲ ನಮ್ಮ ಶಾಸ್ತ್ರಗಳು ಕರೆಯುವ ದೇವದತ್ತನೇ ಇಲ್ಲಿಯೂ ಅಧಿಕಾರಿ. ವಯಸ್ಸು ನಲವತ್ತೈದರ ಆಸುಪಾಸು, ವಾಸ ಬೆಂಗಳೂರಿನ ಜೆ.ಪಿ. ನಗರ. ಮನೆಸಾಲ ತೀರಿದೆ, ಅಥವಾ ತೀರಿದಂತೆ ಅವನಿಗೆ ಅನ್ನಿಸಿದೆ. ಛಾವಣಿ ತೆರೆಯುವ ಕಾರಿನ ಆಸೆ ಕೂದಲು ಹಾರುವ ವಯಸ್ಸಿನಲ್ಲಿ ಹುಟ್ಟಿದರೂ ಕೈಗೂಡುವುದು ಉದುರುವ ವಯಸ್ಸಿನಲ್ಲೇ. ಅವನ ಬಳಿ ಎಂಟು ವರ್ಷದ ಮಾರುತಿ ಸ್ವಿಫ್ಟ್ ಇದೆ. ಒಂದು ದಿನವೂ ಕೈಕೊಟ್ಟಿಲ್ಲ, ಮತ್ತು ಅದರ ಮೇಲಿರುವ ಮುಖ್ಯ ಆಪಾದನೆಯೂ ಅದೇ. ಅವನ ಕಣ್ಣು ಬಿದ್ದಿರುವುದು ಪೋರ್ಷೆ ಬಾಕ್ಸ್‌ಸ್ಟರಿನ ಮೇಲೆ. 2005ರಿಂದ 2012ರವರೆಗೆ ಬಂದ, ಬಲ್ಲವರು 987 ಎಂದು ಕರೆಯುವ ಪೀಳಿಗೆಯದು. ಅದರ ಈಗಿನ ಮಾಲೀಕ ಯಜ್ಞದತ್ತ. ನಡುವೆ ನಿಂತು ಎರಡೂ ಕಡೆ ಕೈಚಾಚಿರುವವನು ವಿಷ್ಣುಮಿತ್ರ, ಸೆಕೆಂಡ್‌ಹ್ಯಾಂಡ್ ಶೋರೂಮಿನವನು. ಹೆಸರುಗಳು ಪ್ರಾಚೀನ, ವ್ಯಕ್ತಿಗಳು ಕಾಲ್ಪನಿಕ, ವ್ಯವಹಾರ ನಿತ್ಯ.

ಪೂರ್ವಪಕ್ಷವನ್ನು ಮಂಡಿಸಿದವರು ಮನೆಯವರು. “ರೀ, ಎರಡೇ ಸೀಟಿನ ಗಾಡಿ ತಗೊಂಡು ನಾಲ್ಕು ಜನ ಮದುವೆಗೆ ಹೇಗ್ರೀ ಹೋಗೋದು?” ಎಂಬುದು ಹೆಂಡತಿಯ ಆಕ್ಷೇಪ. “ಅಷ್ಟು ತಗ್ಗಲ್ಲಿ ಕೂತ್ರೆ ಆಮೇಲೆ ನನ್ನ ಎಬ್ಬಿಸೋರು ಯಾರೋ?” ಎಂಬುದು ತಾಯಿಯದು. ಇದಕ್ಕೆ ದೇವದತ್ತ ಕೊಟ್ಟ ಸಮಾಧಾನ: “ಎರಡು ಡಿಕ್ಕಿ ಇದೆ ಕಣಮ್ಮ. ಮುಂದೊಂದು, ಹಿಂದೊಂದು.” ಕೇಳಿದ್ದೊಂದು, ಹೇಳಿದ್ದೊಂದು. ನ್ಯಾಯಶಾಸ್ತ್ರ ಇದನ್ನು ‘ಅರ್ಥಾಂತರ’ ಎಂಬ ನಿಗ್ರಹಸ್ಥಾನವೆಂದು ಗುರುತಿಸುತ್ತದೆ. ಅಲ್ಲಿಗೆ ವಾದ ಸೋತಂತೆ. ಆದರೆ ಮರುದಿನವೇ ಅವನು ಶೋರೂಮಿನಲ್ಲಿದ್ದ. ವಾದದಲ್ಲಿ ಸೋತವನು ಮನೆಯಲ್ಲೇ ಇರಬೇಕೆಂದು ಯಾವ ಸೂತ್ರವೂ ಹೇಳುವುದಿಲ್ಲ.

ವಿಷ್ಣುಮಿತ್ರ ಹುಟ್ಟಾ ಅನೇಕಾಂತವಾದಿ. ಒಂದೇ ವಸ್ತುವಿಗೆ ಹಲವು ಮುಖಗಳುಂಟು, ನೋಡುವ ನೆಲೆಯಂತೆ ಸತ್ಯ ಬದಲಾಗುತ್ತದೆ ಎಂಬ ಜೈನ ದರ್ಶನದ ಸೂಕ್ಷ್ಮವನ್ನು ಅವನಷ್ಟು ಅರಗಿಸಿಕೊಂಡವರು ಕಡಿಮೆ. ಸ್ವಿಫ್ಟಿನ ಬಾಗಿಲಿನ ಗೀರು ‘ಡ್ಯಾಮೇಜು’, ಬಾಕ್ಸ್‌ಸ್ಟರಿನ ಬಂಪರಿನ ಗೀರು ‘ಕ್ಯಾರೆಕ್ಟರು’. ಎಂಟು ವರ್ಷದ ಸ್ವಿಫ್ಟ್ ‘ಹಳೇ ಗಾಡಿ ಸಾರ್’, ಹದಿನೈದು ವರ್ಷದ ಬಾಕ್ಸ್‌ಸ್ಟರ್ ‘ಕ್ಲಾಸಿಕ್ ಸಾರ್’. ಪೇಂಟಿನ ದಪ್ಪ ಅಳೆಯುವ ಪುಟ್ಟ ಮೀಟರೊಂದು ಅವನ ಜೇಬಿನಲ್ಲಿದೆ. ಅದು ಸ್ವಿಫ್ಟಿನ ನಾಲ್ಕು ಬಾಗಿಲು, ಬಾನೆಟ್ಟು, ಡಿಕ್ಕಿ ಎಲ್ಲವನ್ನೂ ಮುಟ್ಟಿ, ಒಂದೊಂದು ಕಡೆಯೂ ಪೀಂ ಅಂದು, ಪೀಂ ಅಂದಾಗಲೆಲ್ಲ ಎರಡೆರಡು ಸಾವಿರ ಇಳಿಸಿ ಜೇಬಿಗೆ ಮರಳಿತು. ಬಾಕ್ಸ್‌ಸ್ಟರಿನ ಹತ್ತಿರ ಬರುವಾಗ ಅದರ ಬ್ಯಾಟರಿ ಮುಗಿದಿತ್ತು.

ಈ ವಿಷಯದಲ್ಲಿ ಪಾಶ್ಚಾತ್ಯ ಆಚಾರ್ಯರ ಮತವನ್ನೂ ಉಲ್ಲೇಖಿಸಬೇಕು. ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ‘ನಿಂಬೆಹಣ್ಣುಗಳ ಮಾರುಕಟ್ಟೆ’ ಎಂಬ ಲೇಖನವನ್ನು ಪ್ರಕಟಿಸಿದರು. ಅವರ ನಾಡಿನಲ್ಲಿ ಕೆಟ್ಟ ಹಳೆ ಕಾರಿಗೆ ಆ ಹಣ್ಣಿನ ಹೆಸರು. ಮಾರುವವನಿಗೆ ಕಾರಿನ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರಿಗೂ ಅನುಮಾನದ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪದೆ ಮನೆಗೆ ಹೋಗುತ್ತಾನೆ, ಉಳಿದವೇ ಮಾರುಕಟ್ಟೆಯಲ್ಲಿ ಉಳಿಯುತ್ತವೆ. ಈ ವಿಚಾರಕ್ಕಾಗಿ ಅವರು 2001ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ನಮ್ಮಲ್ಲಿ ಹಳೆ ಗಾಡಿ ಮನೆಗೆ ಬಂದ ದಿನವೇ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಹತ್ತಿಸಿ ದೋಷ ಕಳೆಯುವ ಪದ್ಧತಿಯಿದೆ. ಇದು ಅವರ ಗಮನಕ್ಕೆ ಬಂದಿದ್ದರೆ ಲೇಖನ ಬೇರೆ ದಾರಿ ಹಿಡಿಯುತ್ತಿತ್ತೇನೋ.

ಇನ್ನು ಪ್ರಮಾಣ ವಿಚಾರ, ಅಂದರೆ ಕಾರಿನ ನಿಜವನ್ನು ತಿಳಿಯುವ ದಾರಿಗಳು. ಮೊದಲನೆಯದು ಪ್ರತ್ಯಕ್ಷ. ದೇವದತ್ತ ಮುಂದಿನ ಮುಚ್ಚಳ ತೆರೆದ: ಡಿಕ್ಕಿ. ಹಿಂದಿನದನ್ನು ತೆರೆದ: ಅದೂ ಡಿಕ್ಕಿ. ಎಂಜಿನ್ ಎಲ್ಲೂ ಕಾಣಲಿಲ್ಲ. ಬಾಕ್ಸ್‌ಸ್ಟರಿನ ಎಂಜಿನ್ ಸೀಟುಗಳ ಬೆನ್ನಿಗೆ, ಕಾರಿನ ನಡುಮಧ್ಯದಲ್ಲಿ ಅಡಗಿ ಕೂತಿರುತ್ತದೆ. ಮಾಲೀಕನಿಗೆ ಸಿಗುವುದು ಹಿಂದಿನ ಡಿಕ್ಕಿಯೊಳಗಿನ ಎರಡು ಮುಚ್ಚಳ ಮಾತ್ರ, ಒಂದು ಆಯಿಲಿಗೆ, ಇನ್ನೊಂದು ಕೂಲೆಂಟಿಗೆ. ಕೋಟಿ ಸುರಿದು ಕೊಂಡವನಿಗೂ ದೇವರ ದರ್ಶನವಿಲ್ಲ, ಹುಂಡಿ ಮಾತ್ರ ಉಂಟು.

ಹಾಗಾಗಿ ಅನುಮಾನವೇ ಗತಿ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬುದು ತಾರ್ಕಿಕರ ಹಳೆಯ ಪಾಠ. ಮೆಕ್ಯಾನಿಕ್ಕುಗಳ ತರ್ಕ ಅದಕ್ಕಿಂತ ಒಂದು ಹೆಜ್ಜೆ ಮುಂದೆ, ಹೊಗೆಯ ಬಣ್ಣಕ್ಕೂ ಅದರಲ್ಲಿ ಬೆಲೆಯಿದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಬಂದರೆ ಪೆಟ್ರೋಲು ಹೆಚ್ಚಾಗಿದೆ, ಬಿಳಿ ಹೊಗೆ ನಿಲ್ಲದೆ ಬಂದರೆ ಕೂಲೆಂಟು ಒಳಗೆ ಸೇರುತ್ತಿದೆ. ಆದರೆ ಪೋರ್ಷೆಯ ಎಂಜಿನ್ನಿನಲ್ಲಿ ಈ ವ್ಯಾಪ್ತಿಗೂ, ಅಂದರೆ ಹೊಗೆಗೂ ಕಾರಣಕ್ಕೂ ಇರುವ ತಪ್ಪದ ನಂಟಿಗೂ, ಒಂದು ಅಪವಾದವಿದೆ. ಅದರ ಆರು ಸಿಲಿಂಡರುಗಳು ನಿಂತಿಲ್ಲ, ಮೂರು ಮೂರಾಗಿ ಎರಡೂ ಕಡೆ ಮಲಗಿವೆ. ರಾತ್ರಿ ನಿಂತ ಗಾಡಿಯಲ್ಲಿ ಒಂದಿಷ್ಟು ಆಯಿಲ್ ಸಿಲಿಂಡರಿಗೆ ಇಳಿದಿರುತ್ತದೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬುಸ್ಸೆಂದು ಹೊಗೆ ಬಿಟ್ಟು ಸುಮ್ಮನಾಗುತ್ತದೆ. ಇದು ರೋಗವಲ್ಲ, ಸ್ವಭಾವ. ಹೊಗೆ ಮುಂದುವರಿದರೆ ಮಾತ್ರ ಪಿಸ್ಟನ್ ರಿಂಗೋ ಸಿಲಿಂಡರಿನ ಗೋಡೆಯ ಗೀರೋ ಎಂದು ಚಿಂತಿಸಬೇಕು. ಇದನ್ನೆಲ್ಲ ನೋಡಬೇಕಾದರೆ ಎಂಜಿನ್ ತಣ್ಣಗಿರಬೇಕು. ನೀವು ಹೋಗುವ ಹೊತ್ತಿಗೆ ವಿಷ್ಣುಮಿತ್ರ ಗಾಡಿಯನ್ನು ಬಿಸಿ ಮಾಡಿ ಇಟ್ಟಿದ್ದರೆ, ಅದು ಆತಿಥ್ಯವಲ್ಲ.

ಮೂರನೆಯದು ಶಬ್ದಪ್ರಮಾಣ. ಇದು ಎರಡು ವಿಧ. ಒಂದು ಸೈಲೆನ್ಸರಿನದು, ಇನ್ನೊಂದು ಬ್ರೋಕರನದು. “ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್. ಭಾನುವಾರ ಮಾತ್ರ ತೆಗೀತಿದ್ರು. ಒಂದು ರೂಪಾಯಿ ಕೆಲಸ ಇಲ್ಲ.” ಆಪ್ತವಾಕ್ಯವನ್ನು ನಂಬಬೇಕೆಂದು ಶಾಸ್ತ್ರ ಹೇಳುತ್ತದೆ, ಆದರೆ ಕಮಿಷನ್ ಪಡೆಯುವವನು ಆಪ್ತನೇ ಎಂಬ ಬಗ್ಗೆ ಭಾಷ್ಯಕಾರರು ಮೌನವಾಗಿದ್ದಾರೆ. ಉಪಮಾನವನ್ನು ಇಲ್ಲಿ ಬಿಟ್ಟಿದೆ. “ನಮ್ಮ ಭಾವನ ಬಿಎಂಡಬ್ಲ್ಯು ಹತ್ತು ವರ್ಷ ಓಡ್ತು” ಎಂಬ ಮಾತಿನಿಂದ ಪೋರ್ಷೆಗೆ ಯಾವ ಉಪಕಾರವೂ ಇಲ್ಲ.

ಪರಕಾರಪ್ರವೇಶದಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೀಮಾಂಸಕರ ಅರ್ಥಾಪತ್ತಿ. ಅವರ ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಿರಲೇಬೇಕು. ನಮ್ಮ ಬಾಕ್ಸ್‌ಸ್ಟರಿನ ಮೀಟರಿನಲ್ಲಿ 22,000 ಕಿಲೋಮೀಟರ್. ಬ್ರೇಕ್ ಪೆಡಲಿನ ರಬ್ಬರಿನ ಗೆರೆಗಳು ಸವೆದು ನುಣ್ಣಗಾಗಿವೆ. ಸ್ಟಿಯರಿಂಗಿನ ಚರ್ಮ ಬಲಗೈ ಹಿಡಿಯುವಲ್ಲಿ ಹೊಳೆಯುತ್ತಿದೆ. ಡ್ರೈವರ್ ಸೀಟಿನ ಹೊರ ಅಂಚು, ಹತ್ತಿ ಇಳಿಯುವಾಗ ತೊಡೆ ಉಜ್ಜುವ ಜಾಗ, ಬಿರುಕು ಬಿಟ್ಟು ಕುಸಿದಿದೆ. ಕಾರು ಓಡಿಲ್ಲ, ಆದರೂ ಸವೆದಿದೆ. ಈ ವಿರೋಧಕ್ಕೆ ಪರಿಹಾರ ಒಂದೇ: ಕಾರು ಮುಂದೆ ಓಡಿದೆ, ಮೀಟರು ಹಿಂದೆ ಓಡಿದೆ. ಕೊನೆಯದಾದ ಅನುಪಲಬ್ಧಿ ಎಂದರೆ ಕಾಣದಿರುವುದೇ ಪ್ರಮಾಣವಾಗುವುದು. ಸರ್ವಿಸ್ ಪುಸ್ತಕ ಕೇಳಿದಾಗ “ಮನೆ ಶಿಫ್ಟಿಂಗಲ್ಲಿ ಎಲ್ಲೋ ಹೋಯ್ತು ಸಾರ್” ಎಂಬ ಉತ್ತರ ಬಂದರೆ ಈ ಪ್ರಮಾಣ ಸಿದ್ಧಿಸಿತು.

ಆಂತರ್ಯದ ಒಂದು ರಹಸ್ಯವನ್ನೂ ಹೇಳಬೇಕು. ಈ ಪೀಳಿಗೆಯ ಮೊದಲ ಕಾರುಗಳ ಎಂಜಿನ್ನಿನೊಳಗೆ ನಡುದಂಡವೊಂದಿದೆ, ಅದರ ತುದಿಗೊಂದು ಬೇರಿಂಗು. ಅದು ಪುಡಿಯಾದರೆ ಚೂರುಗಳು ಎಂಜಿನ್ ತುಂಬ ಹರಡಿ, ಎಂಜಿನ್ನಿಗೇ ಮೋಕ್ಷ. ಹಿಂದಿನ 986 ಪೀಳಿಗೆಯಲ್ಲಿ ಈ ಕಾಟ ಹೆಚ್ಚಿತ್ತು. 2006ರ ಹೊತ್ತಿಗೆ ದೊಡ್ಡ ಬೇರಿಂಗು ಬಂದು ಕಾಟ ತಗ್ಗಿತು, ಆದರೆ ಅದನ್ನು ಬದಲಿಸಬೇಕಾದರೆ ಎಂಜಿನ್ನನ್ನೇ ಬಿಚ್ಚಬೇಕು. 2009ರ ಮಾದರಿಯಿಂದ ದಂಡವನ್ನೇ ತೆಗೆದುಹಾಕಿದರು. ವಿಷ್ಣುಮಿತ್ರನಿಗೆ ಈ ಇಸವಿ ಚೆನ್ನಾಗಿ ಗೊತ್ತು, ದೇವದತ್ತನಿಗೆ ಕಾರಿನ ಬಣ್ಣ ಚೆನ್ನಾಗಿ ಗೊತ್ತು.

ವೇಗದ ಬಗ್ಗೆ ಬರೆಯುವುದು ಕಡಿಮೆಯಿದೆ. ಈ ಕಾರು ಗಂಟೆಗೆ 250 ಕಿಲೋಮೀಟರ್ ದಾಟಬಲ್ಲದು. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರಿಗೆ ಸರಾಸರಿ 34 ನಿಮಿಷ ಬೇಕಾಗಿತ್ತು. ಕಾರಿನ ಬೆನ್ನಲ್ಲೊಂದು ರೆಕ್ಕೆ ಅಡಗಿದೆ, 120 ದಾಟಿದಾಗ ತಾನಾಗಿ ಮೇಲೇಳುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿ 100, ಕ್ಯಾಮೆರಾಗಳೂ ಇವೆ. ಆದ್ದರಿಂದ ಕಾನೂನು ಪಾಲಿಸುವ ಗೃಹಸ್ಥನಿಗೆ ಆ ರೆಕ್ಕೆ ಅತೀಂದ್ರಿಯ ಪದಾರ್ಥ. ಸ್ವಿಚ್ ಒತ್ತಿ ಎಬ್ಬಿಸಬಹುದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ಹಾಗೆ ಎಬ್ಬಿಸಿದವರನ್ನು ಆಟೋದವರು ಒಂದು ಥರ ನೋಡುತ್ತಾರೆ. ಇನ್ನು ಹಂಪ್ಸು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬಡಾವಣೆಯವರು ಎತ್ತರವನ್ನು ಹೆಚ್ಚಿಸಿ ಅಗಲದಲ್ಲಿ ಉಳಿತಾಯ ಮಾಡಿದ್ದಾರೆ. ಕಾರಿನ ಹೊಟ್ಟೆಯೂ ನೆಲದಿಂದ ಹೆಚ್ಚುಕಡಿಮೆ ಅಷ್ಟೇ ಮೇಲಿದೆ. ಹೀಗಾಗಿ ದೇವದತ್ತ ಪ್ರತಿ ಹಂಪ್ಸನ್ನೂ ಓರೆಯಾಗಿ, ಒಂದೊಂದೇ ಚಕ್ರವಾಗಿ, ಹಿಂದಿನವರ ಹಾರ್ನಿನ ಮಂಗಳವಾದ್ಯದೊಂದಿಗೆ ದಾಟಬೇಕು.

ಅರ್ಥಶಾಸ್ತ್ರದ ಮಾತು ಒಂದೇ. ಕಾರಿನ ಬೆಲೆ ವರ್ಷವರ್ಷಕ್ಕೂ ಇಳಿಯುತ್ತದೆ. ಈ ಸುದ್ದಿಯನ್ನು ಅದರ ಬಿಡಿಭಾಗಗಳಿಗೆ ಯಾರೂ ಮುಟ್ಟಿಸಿಲ್ಲ. ಕಾರು ಮೂಲಬೆಲೆಯ ಕಾಲು ಭಾಗಕ್ಕೆ ಸಿಕ್ಕಬಹುದು, ಬ್ರೇಕ್ ಡಿಸ್ಕು ಕಾಲು ಭಾಗಕ್ಕೆ ಸಿಗುವುದಿಲ್ಲ. ಸಾಮಾನ್ಯ ಇನ್ಶೂರೆನ್ಸ್ ಕೂಡ ರಬ್ಬರು, ಪ್ಲಾಸ್ಟಿಕ್ಕಿನ ಭಾಗಗಳಿಗೆ ಶೇಕಡ 50 ಸವಕಳಿ ಕಳೆದೇ ಹಣ ಕೊಡುತ್ತದೆ. ಈ ಕಾರಿನ ಬಂಪರು ಪ್ಲಾಸ್ಟಿಕ್ಕಿನದೇ. ಒಂದು ಸಮಾಧಾನವುಂಟು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಶೇಕಡ 18 ಆಜೀವ ತೆರಿಗೆ, ಮೇಲೆ ಸೆಸ್ಸು. ಅದನ್ನು ಮೊದಲ ಮಾಲೀಕ ಕಟ್ಟಿಯಾಗಿದ್ದರೆ ಅದು ದೇವದತ್ತನಿಗೆ ಪೂರ್ವಜನ್ಮದ ಪುಣ್ಯವಾಗಿ ಬರುತ್ತದೆ. ನಂಬರ್ ಪ್ಲೇಟಿನಲ್ಲಿ ‘ಪಿವೈ’ ಎಂದಿದ್ದರೆ ಪುಣ್ಯ ಪುದುಚೇರಿಯಲ್ಲೇ ಉಳಿದಿದೆ ಎಂದು ತಿಳಿಯಬೇಕು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಇಲ್ಲಿನ ತೆರಿಗೆ ಕಟ್ಟದ ಇಂಥ ಹಲವು ದುಬಾರಿ ಕಾರುಗಳನ್ನು ಹಿಡಿದಿದ್ದರು.

ಕೊಟ್ಟ ಸ್ವಿಫ್ಟ್ ಏನಾಯಿತು? ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ವಿಷ್ಣುಮಿತ್ರ ಅದನ್ನು ಹಿತ್ತಲಲ್ಲಿ ನಿಲ್ಲಿಸಿದ್ದಾನೆ. ಆರ್‌ಸಿ ಇನ್ನೊಬ್ಬರ ಹೆಸರಿಗೆ ಆಗುವವರೆಗೆ ಅದು ಪ್ರೇತಾವಸ್ಥೆ: ದೇಹ ಶೋರೂಮಿನ ಹುಡುಗರ ಕೈಯಲ್ಲಿ, ಪಾಪ ದೇವದತ್ತನ ಮೊಬೈಲಿನಲ್ಲಿ. ಹೆಲ್ಮೆಟ್ಟಿನದೊಂದು ಬಿಟ್ಟು ಬೇರೆಲ್ಲ ಚಲನ್ನೂ ಬರುತ್ತದೆ. ಅಪಘಾತವಾದರೂ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಡೀಲರಿಗೆ ಗಾಡಿ ಒಪ್ಪಿಸಿದ್ದನ್ನು ಆರ್‌ಟಿಒಗೆ ತಿಳಿಸುವ ಫಾರಂ 29ಸಿ 2023ರಿಂದ ಬಂದಿದೆ. ಅದರ ಹೆಸರೆತ್ತಿದರೆ ವಿಷ್ಣುಮಿತ್ರ ಕಾಫಿ ತರಿಸುತ್ತಾನೆ.

ಕೊನೆಗೆ ಸಿದ್ಧಾಂತ. ಬಾಕ್ಸ್‌ಸ್ಟರಿನ ಬ್ಯಾಟರಿ ಮುಂದಿನ ಡಿಕ್ಕಿಯೊಳಗಿದೆ. ಆ ಡಿಕ್ಕಿಯ ಬೀಗ ಬ್ಯಾಟರಿಯಿಂದಲೇ ತೆರೆಯಬೇಕು. ಕಾರು ಬೇಸ್‌ಮೆಂಟಿನಲ್ಲಿ ಕೆಲವು ವಾರ ನಿಂತು ಬ್ಯಾಟರಿ ಸತ್ತರೆ ಡಿಕ್ಕಿ ತೆರೆಯುವುದಿಲ್ಲ, ಡಿಕ್ಕಿ ತೆರೆಯದೆ ಬ್ಯಾಟರಿ ಸಿಗುವುದಿಲ್ಲ. ನೈಯಾಯಿಕರು ಸಾವಿರಾರು ವರ್ಷ ಹುಡುಕಿದರೂ ಅನ್ಯೋನ್ಯಾಶ್ರಯ ದೋಷಕ್ಕೆ ಇಷ್ಟು ಶುದ್ಧ ಉದಾಹರಣೆ ಸಿಕ್ಕಿರಲಿಲ್ಲ. ಜರ್ಮನಿಯ ಎಂಜಿನಿಯರುಗಳು ಕಟ್ಟಿಯೇ ತೋರಿಸಿದರು. ಪರಿಹಾರವನ್ನೂ ಅವರೇ ಇಟ್ಟಿದ್ದಾರೆ. ಬಾಗಿಲನ್ನು ಕೀಲಿಯಿಂದ ತೆರೆದು, ಒಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿರುವ ಕೆಂಪು ತುದಿಯನ್ನು ಹೊರಗೆಳೆದು, ಅದಕ್ಕೆ ಇನ್ನೊಂದು ಕಾರಿನ ಬ್ಯಾಟರಿಯ ಪಾಸಿಟಿವ್ ತಂತಿ, ಬಾಗಿಲ ಚೌಕಟ್ಟಿನ ಲೋಹದ ಕೊಂಡಿಗೆ ನೆಗೆಟಿವ್ ತಂತಿ ಹಿಡಿದು ಡಿಕ್ಕಿಯ ಗುಂಡಿ ಒತ್ತಿದರೆ ಅದು ಟಕ್ಕೆಂದು ತೆರೆಯುತ್ತದೆ. ಈ ವಿಧಿಯಲ್ಲಿ ‘ಇನ್ನೊಂದು ಕಾರು’ ಎಂಬುದು ಅಂಗ, ಅದಿಲ್ಲದೆ ಕರ್ಮ ಪೂರ್ತಿಯಾಗದು. ಆದ್ದರಿಂದ ಈ ಪ್ರಬಂಧದ ನಿರ್ಣಯ: ಪರಕಾರಪ್ರವೇಶದಲ್ಲಿ ಪ್ರವೇಶ ನಿಷಿದ್ಧವಲ್ಲ, ಎಕ್ಸ್‌ಚೇಂಜು ನಿಷಿದ್ಧ. ಸ್ವಿಫ್ಟನ್ನು ಇಟ್ಟುಕೊಂಡರೆ ಅದರ ನೋ ಕ್ಲೇಮ್ ಬೋನಸ್ಸು ಪೋರ್ಷೆಗೆ ಸಿಗುವುದಿಲ್ಲ ಎಂಬ ಆಕ್ಷೇಪ ನಿಜ, ಆ ನಷ್ಟವನ್ನು ಒಪ್ಪಿಕೊಳ್ಳಿ. ಜಂಪರ್ ಕೇಬಲನ್ನು ಮಾತ್ರ ಸ್ವಿಫ್ಟಿನಲ್ಲೇ ಇಡಿ. ಬಾಕ್ಸ್‌ಸ್ಟರಿನ ಹಿಂದಿನ ಡಿಕ್ಕಿಯ ಬೀಗವೂ ಕರೆಂಟಿನದೇ.