ಹಗುರವೆಂಬುದರ ಬೆಲೆ

ತೂಕವೂ ಹಗುರ, ಬೆಲೆಯೂ ಹಗುರ, ಬ್ಯಾಟರಿ ಮಾತ್ರ ದೀರ್ಘಾಯುವಾಗಿರಬೇಕೆಂಬ ತ್ರಿವಿಧ ದುರಾಶೆಯಿಂದ, ಪ್ರಯಾಣಕ್ಕೂ ನಿತ್ಯದ ಬರವಣಿಗೆಗೂ ಒದಗುವ ಲ್ಯಾಪ್‌ಟಾಪೊಂದನ್ನು ಅರಸುತ್ತ ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಪ್ರವೇಶಿಸಿದ ನನ್ನನ್ನು ಅಂಗಡಿಯ ತರುಣನು ಆಪಾದಮಸ್ತಕ ನಿರುಕಿಸಿ, “ಬಜೆಟ್ ಎಷ್ಟು ಸಾರ್?” ಎಂದನು. ನಾನು ಅಂಕಿಯನ್ನು ಉಸುರಿದೊಡನೆ ಗಾಜಿನ ಕಪಾಟಿಗೆ ಬೀಗ ಜಡಿದು, ಮೂಲೆಯಲ್ಲಿದ್ದ 15.6 ಇಂಚಿನ ಸ್ಥೂಲಕಾಯವೊಂದನ್ನು ತಂದು ಮುಂದಿಟ್ಟನು. ಎತ್ತಿದೆ, ಮೊಣಕೈ ಪ್ರತಿಭಟಿಸಿತು. “ಇನ್ನೂ ಹಗುರವಾದದ್ದು?” ಎಂದರೆ ಬೀಗ ತೆರೆದು 1.2 ಕಿಲೋದ ತನ್ವಂಗಿಯೊಂದನ್ನು ದೂರದಿಂದಲೇ ದರ್ಶನ ಮಾಡಿಸಿದನು. ಪದಾರ್ಥ ಕಡಮೆಯಾದಷ್ಟೂ ಹಣ ಹೆಚ್ಚು ತೆರಬೇಕಾದ ಈ ವಿಪರೀತ ನ್ಯಾಯವನ್ನು ನಮ್ಮ ತರಕಾರಿಯವಳು ಕೇಳಿದರೆ ತಕ್ಕಡಿಯನ್ನೇ ಎಸೆದಾಳು!

1981ರಲ್ಲಿ ಬಂದ ಆಸ್‌ಬರ್ನ್ 1 ಎಂಬ ಗಣಕವು ಸುಮಾರು 11 ಕಿಲೋ ತೂಗುತ್ತಿದ್ದು, ಒಳಗೆ ಬ್ಯಾಟರಿಯೇ ಇಲ್ಲದಿದ್ದರೂ, ‘ಒಯ್ಯಬಲ್ಲ ಯಂತ್ರ’ವೆಂದೇ ಖ್ಯಾತವಾಗಿತ್ತೆಂಬುದನ್ನು ಸ್ಮರಿಸಿ, ನನ್ನ ಮೊಣಕೈಗೆ ಸಮಾಧಾನ ಹೇಳಿ, ಮಧ್ಯಮಮಾರ್ಗವಾದ 14 ಇಂಚಿನದಕ್ಕೆ ಒಪ್ಪಿದೆನು. ಆಗ ಅವನು ಪೆಟ್ಟಿಗೆಯ ತಳದಿಂದ ಕರಿಯ ಇಟ್ಟಿಗೆಯಂಥ ಚಾರ್ಜರನ್ನು ಹೊರತೆಗೆದನು. ಅದರ ಭಾರವು ಜಾಹೀರಾತಿನ ಲೆಕ್ಕಕ್ಕೆ ಸೇರಿಲ್ಲವಂತೆ.

ಕೊಳ್ಳಹೊರಟಿರುವ ಮಹನೀಯರು ರ್‍ಯಾಮನ್ನು ಮುಂದೆ ಹೆಚ್ಚಿಸಲಾಗುವುದೋ ಇಲ್ಲವೇ ಬೆಸುಗೆ ಹಾಕಿ ಕೂರಿಸಿರುವರೋ ಎಂದು ಮೊದಲೇ ಕೇಳಿ, ಚಾರ್ಜರನ್ನೂ ಜೊತೆಗಿಟ್ಟೇ ತೂಗಿಸಿಕೊಳ್ಳತಕ್ಕದ್ದು.