ಅಮ್ಮನಿಗೊಂದು ಲ್ಯಾಪ್‌ಟಾಪು

ಬಾರಪ್ಪ, ಈ ಕಡೆ ಕಾಂಪೌಂಡ್ ಹತ್ರ ಬಾ. ಅಮ್ಮನಿಗೆ ಲ್ಯಾಪ್‌ಟಾಪ್ ತರ್ತೀಯಂತೆ! ಬೆಳಿಗ್ಗೆ ಹೂ ಬಿಡಿಸ್ತಾ ಅವರೇ ಹೇಳಿದ್ರು, ಎಷ್ಟು ಖುಷಿಯಾಗಿದ್ರು ಗೊತ್ತಾ. ಆದ್ರೆ ಒಂದು ಮಾತು ಕೇಳು. ಮೊಬೈಲಲ್ಲಿ ಆಫರ್ ನೋಡಿ ಆರ್ಡರ್ ಮಾಡಿಬಿಡಬೇಡ. ಅವರನ್ನೇ ಅಂಗಡಿಗೆ ಕರ್ಕೊಂಡು ಹೋಗು. ದಿನಾ ಅದರ ಮುಂದೆ ಕೂರೋರು ಅವರು ತಾನೇ.

ಅವರಿಗೆ ಬೇಕಿರೋದಾದ್ರೂ ಏನು? ಮಗಳ ಜೊತೆ ವಿಡಿಯೋ ಕಾಲು, ಯೂಟ್ಯೂಬಲ್ಲಿ ದೇವರನಾಮ, ಬ್ಯಾಂಕಿನ ಲೆಕ್ಕ, ಕರೆಂಟ್ ಬಿಲ್ಲು. ಭಜನಾ ಮಂಡಳಿ ಹಾಡುಗಳನ್ನೆಲ್ಲ ಟೈಪ್ ಮಾಡಿ ಪುಸ್ತಕ ಮಾಡ್ಬೇಕು ಅನ್ನೋ ಆಸೆ ಬೇರೆ ಇದೆ. ಇಷ್ಟಕ್ಕೆ ಐ3 ಅಥವಾ ರೈಜನ್ 3 ಧಾರಾಳವಾಗಿ ಸಾಕು. ದುಡ್ಡು ಉಳಿಸೋದಿದ್ರೆ ಪ್ರೊಸೆಸರಲ್ಲಿ ಉಳಿಸು. 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ, ಇದಕ್ಕಿಂತ ಕೆಳಗೆ ಇಳೀಬೇಡ. 64 ಜಿಬಿ ಇಎಂಎಂಸಿ ಅಂತ ಸಣ್ಣಕ್ಷರದಲ್ಲಿ ಬರೆದಿರೋ ಅಗ್ಗದ ಮಷೀನು ಸಿಗ್ತವಲ್ಲ, ಅದನ್ನಂತೂ ಮುಟ್ಟಲೇಬೇಡ. ವಿಂಡೋಸೇ ಹೆಚ್ಚುಕಮ್ಮಿ ಅರ್ಧ ಜಾಗ ನುಂಗುತ್ತೆ. ಒಂದು ದೊಡ್ಡ ಅಪ್‌ಡೇಟ್ ಬಂತೋ, ಜಾಗ ಸಾಲದು ಅಂತ ನಿಂತುಬಿಡುತ್ತೆ.

ಅಂಗಡೀಲಿ ಮೊದಲು ಪರದೆ ನೋಡು. 15.6 ಇಂಚು, ಫುಲ್ ಎಚ್‌ಡಿ, ಐಪಿಎಸ್ ಇರ್ಲಿ. ಅಗ್ಗದ ಟಿಎನ್ ಪರದೆ ನೇರ ಕೂತವರಿಗೆ ಪರವಾಗಿಲ್ಲ, ನೋಡೋ ಕೋನ ಬದಲಾದ್ರೆ ಬಿಳಿಚಿಕೊಳ್ಳುತ್ತೆ. ನಿಮ್ಮಮ್ಮ ಬೈಫೋಕಲ್ ಹಾಕೋರು, ಗದ್ದ ಎತ್ತಿ ಕೆಳಗಿನ ಗಾಜಲ್ಲಿ ಓದ್ತಾರೆ. ನೀನು ನಿಂತು ನೋಡಿ ಚೆನ್ನಾಗಿದೆ ಅಂದ್ರೆ ಆಗೋಲ್ಲ. ಒಂದು ಕನ್ನಡ ಪುಟ ತೆಗೆಸಿ, ಅಕ್ಷರದ ಅಳತೆ 125 ಪರ್ಸೆಂಟಿಗೆ ಏರಿಸು. ‘ರಾಷ್ಟ್ರ’, ‘ಸ್ತ್ರೀ’ ಅನ್ನೋ ಪದಗಳ ಒತ್ತುಗಳು ಬಿಡಿಬಿಡಿಯಾಗಿ ಕಾಣ್ತಾವಾ ಅಂತ ಅವರ ಬಾಯಲ್ಲೇ ಹೇಳಿಸು. ಇಂಗ್ಲಿಷಿಗೆ ಆಗೋ ಪರದೆ ಎಷ್ಟೋ ಸಲ ನಮ್ಮ ಒತ್ತಕ್ಷರಕ್ಕೆ ಸಾಲೋಲ್ಲ ಕಣೋ.

ಇನ್ನು ಟೈಪಿಂಗು. ಅವರು ತಾಲ್ಲೂಕು ಕಚೇರೀಲಿದ್ದಾಗಿನಿಂದ ನುಡಿ ಸಾಫ್ಟ್‌ವೇರಲ್ಲೇ ಟೈಪ್ ಮಾಡಿದವರು. ಅದರ ಕೀಬೋರ್ಡ್ ಜೋಡಣೆ ಕೆ.ಪಿ. ರಾವ್ ಅವರ ವಿನ್ಯಾಸ, ಕೆ, ಎಫ್, ಕೆ ಒತ್ತಿದ್ರೆ ‘ಕ್ಕ’ ಬೀಳುತ್ತೆ. ಆ ಓಟ ಅವರ ಬೆರಳಲ್ಲೇ ಕೂತಿದೆ, ಈ ವಯಸ್ಸಲ್ಲಿ ಬೇರೆ ಕಲೀರಿ ಅನ್ನೋದು ಅನ್ಯಾಯ. ಹೊಸ ಮಷೀನು ‘ಎಸ್ ಮೋಡ್’ನಲ್ಲಿ ಬಂದಿದ್ರೆ ಮೈಕ್ರೋಸಾಫ್ಟ್ ಸ್ಟೋರಿನ ಆ್ಯಪ್ ಬಿಟ್ಟು ಬೇರೇನೂ ಹಾಕಕ್ಕಾಗಲ್ಲ. ಅದರಿಂದ ಹೊರಗೆ ಬರೋದು ಪುಕ್ಕಟೆ, ಬಂದ್ಮೇಲೆ ವಾಪಸ್ ಹೋಗಕ್ಕಾಗಲ್ಲ ಅಷ್ಟೇ. ಅದನ್ನ ಮೊದಲೇ ಬದಲಾಯಿಸಿ ನುಡಿ ಹಾಕಿಕೊಡು. ಹಾಡುಗಳನ್ನ ಯೂನಿಕೋಡಲ್ಲೇ ಟೈಪ್ ಮಾಡ್ಲಿ. ಹಳೇ ನುಡಿ ಫಾಂಟಲ್ಲಿ ಮಾಡಿದ್ರೆ, ಆ ಫಾಂಟ್ ಇಲ್ದಿರೋ ಕಡೆ ತೆಗೆದಾಗ ಎಲ್ಲಾ ಕಲಸುಮೇಲೋಗರವಾಗಿ ಕಾಣುತ್ತೆ.

ಸೆಕೆಂಡ್ ಹ್ಯಾಂಡ್ ಬೇಡ ಅಂತ ನಾನು ಅನ್ನಲ್ಲ. ಕಂಪನಿಗಳಲ್ಲಿ ಓಡಿದ ಥಿಂಕ್‌ಪ್ಯಾಡ್ ಕೀಬೋರ್ಡು ಮುಟ್ಟಿ ನೋಡು, ಅದರ ಸುಖವೇ ಬೇರೆ. ಆದ್ರೆ ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರಾದ್ರೂ ಇರ್ಬೇಕು. ಐ5-8250ಯು ಅಂತಿದ್ರೆ ಆಯ್ತು, 7200 ಅಂತಿದ್ರೆ ಎಷ್ಟೇ ಅಗ್ಗವಾದ್ರೂ ಬಿಟ್ಟು ಬಾ.

ಮನೆಗೆ ತಂದ ದಿನವೇ ಅವರಿಗೊಂದು ಸಾಮಾನ್ಯ ಖಾತೆ ಮಾಡಿ, ಅಡ್ಮಿನ್ ಪಾಸ್‌ವರ್ಡ್ ನೀನಿಟ್ಕೋ. ಪರದೆ ತುಂಬ ‘ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಅಂತ ಬಂದ್ರೆ ಫೋನ್ ಮಾಡದೆ ನಿನ್ನನ್ನೋ ನನ್ನನ್ನೋ ಕೂಗಲಿ. ಅವರ ಪೆನ್ಷನ್ ದುಡ್ಡು ಅದು, ನೆನೆಸ್ಕೊಂಡ್ರೇ ನಂಗೆ ಭಯವಾಗುತ್ತೆ.

ಎಸ್.ಪಿ. ರೋಡಿಗೆ ಶನಿವಾರ ಹೋಗೋಣ, ನಾನೂ ಬರ್ತೀನಿ. ಭಾನುವಾರ ಬೇಡ, ಅಲ್ಲಿ ಸುಮಾರು ಅಂಗಡಿ ಬಾಗಿಲು ಹಾಕಿರ್ತವೆ. ಅಮ್ಮನಿಗೆ ಕನ್ನಡಕ ಮರೀದೆ ತಗೊಳ್ಳೋಕೆ ಹೇಳು.