ಬಾಲದಾಚೆಯ ಕಿಟಕಿ ಸೀಟು

ಹುಬ್ಬಳ್ಳಿಯ ಟಂಟಂ ಡ್ರೈವರನಿಗೆ ಬೇಡಿಕೆ-ಪೂರೈಕೆಯ ಪಾಠ ಯಾರೂ ಹೇಳಿಕೊಟ್ಟಿಲ್ಲ. ಸೀಟು ತುಂಬುವ ತನಕ ಗಾಡಿ ಬಿಡುವುದಿಲ್ಲ. ತುಂಬಿದ ಮೇಲೂ ಬಿಡುವುದಿಲ್ಲ. "ಇನ್ನೊಂದ ಸೀಟ್ ಐತ್ರಿ, ಸರಕೊಂಡ್ ಕೂಡ್ರಿ" ಎನ್ನುತ್ತಾನೆ. ಆ ಒಂದು ಸೀಟಿನಲ್ಲಿ ಮೂವರು ಕೂರುತ್ತಾರೆ, ಜೊತೆಗೊಂದು ಜೋಳದ ಚೀಲ.

ಇಂಥದೇ ಚಿಂತೆಯಲ್ಲಿ ಬೋಯಿಂಗ್‌ನ ಬರ್ಜ್ ಮತ್ತು ಹಾಪರ್‌ಸ್ಟಡ್ 1993ರಲ್ಲಿ 'ಡಿಮ್ಯಾಂಡ್ ಡ್ರಿವನ್ ಡಿಸ್ಪ್ಯಾಚ್' ಅಂತ ಲೆಕ್ಕಾಚಾರ ತುಂಬಿದ ಪ್ರಬಂಧ ಬರೆದರು. ಯಾವ ಊರಿಗೆ ಯಾವ ವಿಮಾನ ಅನ್ನುವುದು ತಿಂಗಳುಗಟ್ಟಲೆ ಮೊದಲೇ ನಿಗದಿಯಾಗಿರುತ್ತದೆ. ಯಾರು ಬರುತ್ತಾರೆ ಅನ್ನುವುದು ತಿಳಿಯುವುದು ಕೊನೇ ದಿನಗಳಲ್ಲಿ. ಆಗ ಬುಕಿಂಗ್ ನೋಡಿ, ಇವತ್ತಿನ ಲೆಕ್ಕದಲ್ಲಿ ಹೇಳುವುದಾದರೆ, ಜನ ಹೆಚ್ಚಿದ್ದ ಕಡೆ 220ಕ್ಕೂ ಹೆಚ್ಚು ಸೀಟಿನ ಎ321, ಕಡಿಮೆಯಿದ್ದ ಕಡೆ 180ರ ಎ320 ಕಳಿಸಿ. ಎರಡನ್ನೂ ಅದೇ ಪೈಲಟ್‌ಗಳು ಹಾರಿಸಬಲ್ಲರು. ಆದರೆ ಎರಡೂ ಒಂದೇ ಹೊತ್ತಿಗೆ ಒಂದೇ ನಿಲ್ದಾಣದಲ್ಲಿರಬೇಕು. 50 ಸೀಟಿಗೊಬ್ಬರಂತೆ ಸಿಬ್ಬಂದಿಯೂ ಬೇಕು. ಐದನೆಯ ಗಗನಸಖಿ ಜ್ವರ ಬಂದು ಮನೆಯಲ್ಲಿ ಮಲಗಿದರೆ ದೊಡ್ಡ ವಿಮಾನವೂ ಮಲಗಿದಂತೆಯೇ.

ವಿಮಾನ ಜನರಿಗೆ ಹೊಂದಬೇಕು ಅನ್ನುವುದು ಶಾಸ್ತ್ರ. ಆಚಾರದಲ್ಲಿ ಜನವೇ ವಿಮಾನಕ್ಕೆ ಹೊಂದಬೇಕು.

ನನ್ನದೇ ಕಥೆ ಕೇಳಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟಿದ್ದೆ. ಮೋಡ ನೋಡುವ ಚಪಲಕ್ಕೆ ಹೆಚ್ಚಿಗೆ ದುಡ್ಡು ಕೊಟ್ಟು 27-ಎಫ್ ಕಿಟಕಿ ಸೀಟು ಹಿಡಿದಿದ್ದೆ. ಬೆಳಿಗ್ಗೆ ಮೊಬೈಲಿಗೆ ಮೆಸೇಜು: 'ಕಾರ್ಯಾಚರಣೆಯ ಕಾರಣಗಳಿಂದ ವಿಮಾನ ಬದಲಾಗಿದೆ.' (ಈ ಕಾರಣಗಳು ಅದೆಷ್ಟು ನಾಚಿಕೆ ಸ್ವಭಾವದವೋ, ಇವತ್ತಿನವರೆಗೂ ಒಂದೂ ಹೆಸರು ಹೇಳಿಕೊಂಡಿಲ್ಲ.) ಹೋಗಿ ನೋಡಿದರೆ 78 ಸೀಟಿನ ಎಟಿಆರ್ ನಿಂತಿದೆ, ಹತ್ತುವುದು ಹಿಂಬಾಗಿಲಿನಿಂದ. ಇಪ್ಪತ್ತು ಸಾಲಿಗೇ ಅದರ ಕಥೆ ಮುಗಿಯುತ್ತದೆ. ಲೆಕ್ಕ ಹಾಕಿದೆ: ನನ್ನ ಕಿಟಕಿ ಬಾಲದಿಂದ ಏಳು ಸಾಲು ಆಚೆ, ಬಯಲಿನಲ್ಲಿ. ಮೋಡ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಬಿಡಿ.

ನನಗೆ ಕೊನೆಗೆ 14-ಸಿ ಸಿಕ್ಕಿತು. ಕೆಲವರಿಗೆ ಅದೂ ಸಿಗಲಿಲ್ಲ. ಇಂಥ ಹೊತ್ತಲ್ಲಿ ಮೊದಲು ಸ್ವಯಂಸೇವಕರನ್ನು ಹುಡುಕಬೇಕು ಅನ್ನುತ್ತದೆ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ. ಮಗಳ ನಿಶ್ಚಿತಾರ್ಥಕ್ಕೆ ರೇಷ್ಮೆ ಪಂಚೆ ಉಟ್ಟು ಬಂದವರನ್ನು "ಸರ್, ವಾಲಂಟಿಯರ್ ಆಗ್ತೀರಾ?" ಎಂದು ಕೇಳುತ್ತಿದ್ದರು. ಒಪ್ಪದೆಯೇ ಸೀಟು ಕಳೆದುಕೊಂಡವರಿಗೆ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಟ್ಟರೆ ಪರಿಹಾರ ಇಲ್ಲ. 24 ಗಂಟೆಯೊಳಗಾದರೆ ಮೂಲದರದ ಇಮ್ಮಡಿ ಮತ್ತು ಇಂಧನ ಶುಲ್ಕ, ಅದೂ 10,000 ರೂಪಾಯಿ ಮೀರದಂತೆ. ನಾವೇ ವಾಸಿ. ಸುರಕ್ಷತೆಗೋ ಕಾರ್ಯಾಚರಣೆಗೋ ಅನಿವಾರ್ಯವಾಗಿ ಸಣ್ಣ ವಿಮಾನ ಹಾಕಬೇಕಾಯಿತು ಎಂದರೆ ಅಮೆರಿಕದಲ್ಲಿ ಕಡ್ಡಾಯ ಪರಿಹಾರವೇ ಇಲ್ಲ. ಅಲ್ಲಿಯೂ ಕಾರಣಗಳು ನಾಚಿಕೆಯವೇ ಇರಬೇಕು.

ಉಳಿದವರ ಸಾಲಿನಲ್ಲಿ ಧಾರವಾಡ ಕಡೆಯ ಅಜ್ಜ ಒಬ್ಬರಿದ್ದರು. ತಲೆಗೆ ರುಮಾಲು, ಕೈಯಲ್ಲಿ ಕಟ್ಟಿದ ಬುತ್ತಿ. ಕೌಂಟರಿನ ಹುಡುಗಿ ಇಂಗ್ಲಿಷಿನಲ್ಲಿ ಎರಡು ಸಲ, ಕನ್ನಡದಲ್ಲಿ ಒಂದು ಸಲ ಕ್ಷಮೆ ಕೇಳಿ, "ಫ್ಲೈಟ್ ಫುಲ್ ಆಗಿದೆ ಸರ್" ಅಂದಳು. ಅಜ್ಜ ಗಾಜಿನಾಚೆ ನಿಂತಿದ್ದ ವಿಮಾನವನ್ನು ಮೂಗಿನಿಂದ ಬಾಲದವರೆಗೆ ಒಮ್ಮೆ ಅಳೆದರು. ಆಮೇಲೆ ಹುಡುಗಿಯ ಕಡೆ ಬಗ್ಗಿ, ಗುಟ್ಟು ಹೇಳುವವರ ಹಾಗೆ ಕೇಳಿದರು:

"ಡ್ರೈವರ್ ಬಾಜೂಕ ಜಾಗಾ ಇಲ್ಲೇನ್ ಯವ್ವಾ? ನಾ ಅಲ್ಲೇ ಸರಕೊಂಡ್ ಕೂಡ್ತೀನಿ."